ಒಂದು ಬೆಕ್ಕಿಗೆ ಇನ್ನೊಂದು ಬೆಕ್ಕು

ಎದುರು ಮನೆಯ ಆಂಟಿ ಒಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕರು. "ನೋಡಮ್ಮಾ, ಹೇಳೋದೋ ಬೇಡವೋ ಅಂತ ಯೋಚಿಸ್ತಿದ್ದೆ. ನೀನು ಬಾಗಿಲು ಹಾಕ್ಕೊಂಡು ಹೋದ ಮೇಲೆ ನಿನ್ನ ಬೆಕ್ಕು ತುಂಬಾ ಹೊತ್ತು ಕೂಗುತ್ತೆ" ಅಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಶಿಶುವಿಹಾರದಲ್ಲಿ ಮಗು ಅತ್ತಿತು ಅಂತ ತಾಯಿಗೆ ಹೇಳುವ ಹಾಗೆ ಹೇಳಿದರು. ಅದಕ್ಕೇ ಇರಬೇಕು, ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ನಂಬುವುದೂ ಕಷ್ಟವಾಯಿತು. ನಾನು ಮನೆಯಲ್ಲಿದ್ದಷ್ಟು ಹೊತ್ತು ಚುಕ್ಕಿ ನನ್ನನ್ನೇ ಅಂಟಿಕೊಂಡಿರುತ್ತಿದ್ದಳು. ಅಡುಗೆ ಮಾಡುವಾಗ ಕಾಲ ಹತ್ತಿರ, ಸ್ನಾನಕ್ಕೆ ಹೋದರೆ ಬಾಗಿಲಾಚೆ, ಮಲಗಿದರೆ ಕುತ್ತಿಗೆಯ ಪಕ್ಕ. ಇಷ್ಟು ಪ್ರೀತಿ ಮಾಡುವ ಬೆಕ್ಕು ಎಲ್ಲರಿಗೂ ಸಿಗಲ್ಲ ಅಂತ ಗೆಳತಿಯರ ಹತ್ತಿರ ಹೇಳಿಕೊಂಡಿದ್ದೆ.

ಮರುದಿನ ಹಳೇ ಫೋನೊಂದನ್ನು ಪುಸ್ತಕದ ಕಪಾಟಿಗೆ ಒರಗಿಸಿ, ವಿಡಿಯೊ ಹಾಕಿ ಆಫೀಸಿಗೆ ಹೋದೆ. ಫೋನು ತುಂಬಿ ನಿಲ್ಲುವ ತನಕ ಮೂರು ಗಂಟೆಯಷ್ಟು ರೆಕಾರ್ಡ್ ಆಗಿತ್ತು. ರಾತ್ರಿ ಊಟದ ತಟ್ಟೆ ಹಿಡಿದುಕೊಂಡು ನೋಡಲು ಕೂತೆ. ನಾನು ಬಾಗಿಲು ಎಳೆದುಕೊಂಡ ಸದ್ದು. ಚುಕ್ಕಿ ಬಾಗಿಲ ಹತ್ತಿರ ಹೋಗಿ ಕೂರುತ್ತಾಳೆ. ಕೂಗುತ್ತಾಳೆ. ಸುಮ್ಮನಾಗಿ ಕೇಳಿಸಿಕೊಳ್ಳುತ್ತಾಳೆ. ಮತ್ತೆ ಕೂಗುತ್ತಾಳೆ. ಮೆಟ್ಟಿಲ ಮೇಲೆ ಯಾರದ್ದೋ ಚಪ್ಪಲಿ ಸದ್ದಾದರೆ ಎದ್ದು ನಿಲ್ಲುತ್ತಾಳೆ, ಆ ಸದ್ದು ಮೇಲಿನ ಮಹಡಿಗೆ ಹೋಗಿಬಿಡುತ್ತದೆ, ಮತ್ತೆ ಕೂರುತ್ತಾಳೆ. ಕಿಟಕಿಗೆ ಹೋಗಿ ಬರುತ್ತಾಳೆ. ನಡುವೆ ಸ್ವಲ್ಪ ಹೊತ್ತು ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುತ್ತಾಳೆ. ನಾನು ಹಾಕಿಟ್ಟು ಹೋದ ತಿಂಡಿಯ ಕಡೆ ಒಂದು ಸಲವೂ ಹೋಗಲಿಲ್ಲ. ಊಟ ಅರ್ಧಕ್ಕೇ ಬಿಟ್ಟೆ. ಪ್ರೀತಿ ಅಂತ ನಾನು ಅಂದುಕೊಂಡಿದ್ದರಲ್ಲಿ ಎಷ್ಟು ಪಾಲು ಅವಳಿಗೆ ಬೇರೆ ಯಾರೂ ಇಲ್ಲ ಅನ್ನುವುದರಿಂದಲೇ ಬಂದಿತ್ತು? ಅವತ್ತಿನಿಂದ ಈ ಪ್ರಶ್ನೆ ಕೊರೆಯತೊಡಗಿತು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಅದ್ಕೆ ಅಲ್ಲಿ ಯಾರಿದಾರೆ ಮಾರಾಯ್ತಿ? ನಮ್ಮನೇಲಿ ಯಾವತ್ತಾದ್ರೂ ಒಂದೇ ಬೆಕ್ಕು ಇತ್ತಾ?"

ಯಾರೂ ಎಣಿಸದ ಬೆಕ್ಕುಗಳು

ಇರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಕ್ಕುಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಎಲ್ಲಿಂದಲೋ ತಂದು ಸಾಕಿದ್ದೂ ಇಲ್ಲ. ಅಟ್ಟದಲ್ಲಿ ಹುಟ್ಟುತ್ತಿದ್ದವು, ಕೊಟ್ಟಿಗೆಯಲ್ಲಿ ಬೆಳೆಯುತ್ತಿದ್ದವು, ಹಾಲು ಕರೆಯುವ ಹೊತ್ತಿಗೆ ಸಾಲಾಗಿ ಬಂದು ಕೂರುತ್ತಿದ್ದವು. ನಮ್ಮದು ಸಸ್ಯಾಹಾರದ ಮನೆ, ಹಾಗಾಗಿ ಅವುಗಳಿಗೆ ಸಿಗುತ್ತಿದ್ದದ್ದು ಹಾಲನ್ನ. ಉಳಿದ ಹಸಿವಿಗೆ ಭತ್ತದ ಕಣಜದ ಇಲಿಗಳಿದ್ದವು. ಮಳೆಗಾಲದ ಸಂಜೆ ಎಲ್ಲರ ಸ್ನಾನ ಮುಗಿದು, ಬಚ್ಚಲ ಒಲೆಯ ಬೆಂಕಿ ಆರಿ, ಬೂದಿ ಇನ್ನೂ ಬೆಚ್ಚಗಿರುವಾಗ ಅವು ಒಂದೊಂದಾಗಿ ಬಂದು ಒಲೆಯ ಬಾಯಿಗೆ ಸೇರುತ್ತಿದ್ದವು. ಯಾವ ಬಾಲ ಯಾರದ್ದು ಅಂತ ಗೊತ್ತಾಗದ ಹಾಗೆ ಒಂದರ ಮೇಲೊಂದು ಮಲಗುತ್ತಿದ್ದವು. ಹೊರಗೆ ಜಡಿಮಳೆ. ನಾನೂ ಅಣ್ಣನೂ ಬಚ್ಚಲ ಹೊಸ್ತಿಲಲ್ಲಿ ಕೂತು ಅವು ಒಂದನ್ನೊಂದು ನೆಕ್ಕುವುದನ್ನು ನೋಡುತ್ತಿದ್ದೆವು. ಬೆಳಿಗ್ಗೆ ಎಲ್ಲದರ ಮೀಸೆಗೂ ಬೂದಿ.

ಒಂದು ವರ್ಷ ತಾಯಿ ಬೆಕ್ಕು, ಅದರ ಮಗಳು ಎರಡೂ ಒಂದೇ ವಾರದಲ್ಲಿ ಮರಿ ಹಾಕಿದವು. ಅಟ್ಟದ ಹಳೇ ಬುಟ್ಟಿಯೊಂದರಲ್ಲಿ ಎಲ್ಲ ಮರಿಗಳನ್ನೂ ಗುಡ್ಡೆ ಹಾಕಿಕೊಂಡು, ಯಾವ ಮರಿ ಯಾರದ್ದು ಅನ್ನುವ ಲೆಕ್ಕವಿಲ್ಲದೆ ಹಾಲು ಕೊಟ್ಟವು. ಒಂದು ಇಲಿಗೆ ಹೋದರೆ ಇನ್ನೊಂದು ಬುಟ್ಟಿಯಲ್ಲಿ. "ಅಮ್ಮ ಮಗಳು ಸೇರ್ಕೊಂಡು ಬಾಣಂತನ ಮಾಡ್ಕೊಳ್ತಾವೆ ನೋಡು" ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ನಮ್ಮ ಅಟ್ಟದಲ್ಲಿ ಮಾತ್ರ ನಡೆದ ಅಚ್ಚರಿ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಹಾಗಲ್ಲ. ಒಂದೇ ಕಡೆ ಬೆಳೆದ ಹೆಣ್ಣು ಬೆಕ್ಕುಗಳು, ಅದರಲ್ಲೂ ಅಕ್ಕತಂಗಿಯರು ಮತ್ತು ತಾಯಿ ಮಗಳು, ಮರಿಗಳನ್ನು ಹೀಗೆ ಒಟ್ಟಿಗೆ ಸಾಕುವುದು ಪ್ರಪಂಚದ ಎಷ್ಟೋ ಕಡೆ ಕಂಡುಬಂದಿರುವ ಸಂಗತಿ.

ಆದರೂ ಬೆಕ್ಕು ಒಂಟಿ ಪ್ರಾಣಿ, ಅದಕ್ಕೆ ಜೊತೆ ಬೇಡ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದರಲ್ಲಿ ಅರ್ಧ ನಿಜ ಇದೆ. ಮನೆಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಂದು ಕಾಡುಬೆಕ್ಕು. ಅದು ಒಂಟಿಯಾಗಿಯೇ ಬದುಕುತ್ತದೆ, ಒಂಟಿಯಾಗಿಯೇ ಬೇಟೆಯಾಡುತ್ತದೆ. ಒಂದು ಇಲಿ ಹಿಡಿಯುವುದಕ್ಕೆ ನಾಲ್ಕು ಜನ ಬೇಕಿಲ್ಲ, ಹಿಡಿದ ಮೇಲೆ ಹಂಚಿಕೊಳ್ಳುವುದಕ್ಕೆ ಅದರಲ್ಲಿ ಏನೂ ಇರುವುದಿಲ್ಲ. ಆದರೆ ಮನುಷ್ಯರು ಕಾಳು ಬೆಳೆದು ಕೂಡಿಡಲು ಶುರುಮಾಡಿದ ಮೇಲೆ ಇಲಿಗಳು ಒಂದೇ ಕಡೆ ಸೇರಿದವು, ಅವುಗಳ ಹಿಂದೆ ಬೆಕ್ಕುಗಳೂ ಬಂದವು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಬೆಕ್ಕೊಂದನ್ನು ಹೂತಿದ್ದು ಸಿಕ್ಕಿದೆ. 2004ರಲ್ಲಿ ಅದರ ವಿವರ ಹೊರಬಂತು. ಅಷ್ಟು ಹಳೆಯ ಒಡನಾಟ ಇದು. ಕಣಜದ ಸುತ್ತ ಊಟ ಸಾಕಷ್ಟು ಇದ್ದಾಗ ಬೆಕ್ಕುಗಳು ಒಟ್ಟಿಗೆ ಇರುವುದನ್ನು ಕಲಿತವು. ಬೇಟೆಗೆ ಒಂಟಿ, ಬೂದಿಯ ಹತ್ತಿರ ಜೊತೆ. ನಮ್ಮ ಬಚ್ಚಲಲ್ಲಿ ನಾನು ನೋಡಿದ್ದು ಅದನ್ನೇ. ಬೆಂಗಳೂರಿನ ಎರಡು ರೂಮಿನ ಮನೆಯಲ್ಲಿ ಚುಕ್ಕಿಗೆ ಬೇಟೆಯೂ ಇಲ್ಲ, ಬೂದಿಯೂ ಇಲ್ಲ. ಇದ್ದದ್ದು ನಾನು, ಅದೂ ಸಂಜೆ ಏಳರ ಮೇಲೆ.

ಕಚ್ಚುವುದು ತಪ್ಪು ಅಂತ ಯಾರು ಹೇಳಬೇಕು?

ಚುಕ್ಕಿ ನನಗೆ ಸಿಕ್ಕಿದ್ದು ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ, ನಿಂತಿದ್ದ ಕಾರಿನ ಕೆಳಗೆ. ಹಲ್ಲು ನೋಡಿ ಐದು ವಾರ ಆಗಿರಬಹುದು ಅಂದರು ಡಾಕ್ಟರು. ತಾಯಿ ಬರುತ್ತಾಳಾ ಅಂತ ಎರಡು ದಿನ ಕಾದು ಆಮೇಲೆ ಮನೆಗೆ ತಂದಿದ್ದೆ. ಮೂರು ತಿಂಗಳಾಗುವ ಹೊತ್ತಿಗೆ ನನ್ನ ಎರಡೂ ಕೈ ತುಂಬ ಗೀರು. ಆಫೀಸಿನಲ್ಲಿ ತೋಳು ಮುಚ್ಚುವ ಕುರ್ತಾ ಹಾಕಿಕೊಂಡು ಹೋಗುತ್ತಿದ್ದೆ. ಮಂಚದಿಂದ ಕಾಲು ಕೆಳಗಿಟ್ಟರೆ ಹರಡಿನ ಮೇಲೆ ಹಾರುತ್ತಿದ್ದಳು. ಬೆಳಗಿನ ಜಾವ ನಾಲ್ಕೂವರೆಗೆ ಹೊದಿಕೆಯೊಳಗಿನ ಬೆರಳಿಗೆ ಬಾಯಿ ಹಾಕುತ್ತಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಆ ಮನೆಯಲ್ಲಿ ಇಲಿಯ ಜಾಗದಲ್ಲಿ ನಾನಿದ್ದೆ. ಬೆಕ್ಕುಗಳು ಮುಂಜಾವು ಮತ್ತು ಮುಸ್ಸಂಜೆ ಜಾಸ್ತಿ ಚುರುಕಾಗಿರುತ್ತವೆ, ಇಲಿ ಹಕ್ಕಿಗಳು ಓಡಾಡುವ ಹೊತ್ತು ಅದು. ಮುಂಜಾವಿನಲ್ಲಿ ಅವಳಿಗೆ ಆಡಲು ಸಿಗುತ್ತಿದ್ದದ್ದು ನನ್ನ ಕಾಲು ಮಾತ್ರ.

ನಾನು ಬೈದೆ. ಮೂಗಿನ ಮೇಲೆ ಮೆಲ್ಲಗೆ ತಟ್ಟಿದೆ. ಇದನ್ನು ಬರೆಯುವಾಗ ಈಗಲೂ ಬೇಜಾರಾಗುತ್ತದೆ. ಅವಳದೇನೂ ತಪ್ಪಿರಲಿಲ್ಲ. ಬೆಕ್ಕಿನ ಮರಿ ಮನುಷ್ಯರನ್ನು, ಬೇರೆ ಬೆಕ್ಕುಗಳನ್ನು ಹಚ್ಚಿಕೊಳ್ಳುವುದಕ್ಕೆ ಮುಖ್ಯವಾದ ಕಾಲ ಎರಡನೇ ವಾರದಿಂದ ಸುಮಾರು ಏಳನೇ ವಾರದ ತನಕ. ಆಮೇಲಿನ ವಾರಗಳಲ್ಲಿ ಒಡಹುಟ್ಟಿದವರ ಜೊತೆ ಕುಸ್ತಿ ಹಿಡಿಯುತ್ತದೆ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕೀಚ್ ಅಂತ ಕಿರುಚಿ ಆಟ ಬಿಟ್ಟು ಹೋಗುತ್ತದೆ, ಇಲ್ಲವೇ ತಿರುಗಿ ಅಷ್ಟೇ ಜೋರಾಗಿ ಕಚ್ಚುತ್ತದೆ. ತಾಯಿ ಒಂದೇಟು ಕೊಡುತ್ತಾಳೆ. ಎಷ್ಟು ಬಾಯಿ ಹಾಕಿದರೆ ಆಟ, ಎಷ್ಟು ಹಾಕಿದರೆ ನೋವು ಅನ್ನುವುದನ್ನು ಮರಿ ಕಲಿಯುವುದು ಹೀಗೆ. ಕಾರಿನ ಕೆಳಗೆ ಸಿಕ್ಕಿದ ಮರಿಗೆ ಆ ಪಾಠ ಆಗಿರಲಿಲ್ಲ. ನನ್ನ ಬೈಗುಳದಲ್ಲಿ ಅದಕ್ಕೆ ಅರ್ಥವಾಗುವಂಥದ್ದೇನೂ ಇರಲಿಲ್ಲ. ಅದಕ್ಕೇ ಮರಿಯನ್ನು ಹನ್ನೆರಡು ವಾರದ ತನಕ ತಾಯಿಯ ಹತ್ತಿರ ಬಿಡಿ ಅಂತ ತಿಳಿದವರು ಹೇಳುವುದು. ಸಿಕ್ಕಿದರೆ ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತನ್ನಿ ಅನ್ನುವುದೂ ಅದಕ್ಕೇ. ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಎರಡು ಮರಿಗಳು ಜೊತೆಗೇ ಬಂದರೆ ಪರಿಚಯ ಮಾಡಿಸುವ ಪಾಡೇ ಇಲ್ಲ, ಅವು ಈಗಾಗಲೇ ಒಂದೇ ಬುಟ್ಟಿಯಲ್ಲಿ ಮಲಗಿ ಬಂದಿರುತ್ತವೆ.

ಹದಿನಾರು ದಿನ

ನಾನು ಆ ಸುಲಭದ ದಾರಿ ಹಿಡಿಯಲಿಲ್ಲ. ಚುಕ್ಕಿಗೆ ಏಳು ತಿಂಗಳಾಗಿತ್ತು, ಮರಿಯಾಗದ ಹಾಗೆ ಆಪರೇಷನ್ ಆಗಿತ್ತು, ಮನೆಯ ಪ್ರತಿ ಮೂಲೆಯೂ ಅವಳದೇ ಆಗಿತ್ತು. ಆಗ ಗೆಳತಿಯೊಬ್ಬಳ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಹುಟ್ಟಿದ ಕಿತ್ತಳೆ ಬಣ್ಣದ ಗಂಡು ಮರಿ ಸಿಕ್ಕಿತು, ಮೂರು ತಿಂಗಳದ್ದು. ಗುಂಡ ಅಂತ ಹೆಸರಿಟ್ಟೆ. ಖುಷಿಯಲ್ಲಿ ದೊಡ್ಡ ತಪ್ಪು ಮಾಡಿದೆ. ಬುಟ್ಟಿ ತಂದವಳೇ ಹಜಾರದ ನಡುವೆ ಇಟ್ಟು ಚುಕ್ಕಿಯ ಎದುರೇ ಮುಚ್ಚಳ ತೆಗೆದೆ. ಅವಳ ಮೈಕೂದಲೆಲ್ಲ ಎದ್ದು ನಿಂತಿತು, ಬಾಲ ಪಾತ್ರೆ ತೊಳೆಯುವ ಬ್ರಷ್ಷಿನಷ್ಟು ದಪ್ಪವಾಯಿತು. ಬುಸ್ ಅಂದಳು. ಅಂಥ ಸದ್ದು ಅವಳ ಬಾಯಿಂದ ನಾನು ಕೇಳಿರಲೇ ಇಲ್ಲ. ಮಂಚದ ಕೆಳಗೆ ಹೋದವಳು ಆ ರಾತ್ರಿ ಊಟಕ್ಕೂ ಬರಲಿಲ್ಲ, ನನ್ನ ಕೈಗೂ ಬರಲಿಲ್ಲ. ಅವಳ ಕಣ್ಣಲ್ಲಿ ನಾನು ಏನು ಮಾಡಿದ್ದೆ ಅಂತ ಯೋಚಿಸಿ: ಇದ್ದ ಒಂದೇ ಮನೆಗೆ ಹೇಳದೆ ಕೇಳದೆ ಅಪರಿಚಿತನನ್ನು ನುಗ್ಗಿಸಿದ್ದೆ.

ಮರುದಿನ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಮೊದಲಿನಿಂದ ಶುರುಮಾಡಿದೆ. ಗುಂಡನಿಗೆ ಚಿಕ್ಕ ರೂಮು, ಅವನದೇ ನೀರು, ಮಲಮೂತ್ರಕ್ಕೆ ಅವನದೇ ಮರಳಿನ ತಟ್ಟೆ, ಅಂದರೆ ಲಿಟರ್ ಟ್ರೇ. ಬೀದಿಯಿಂದ ಬಂದ ಮರಿಗೆ ಏನಾದರೂ ಸೋಂಕಿದ್ದರೆ ಹೊರಬೀಳಲಿ ಅಂತಲೂ ಹೀಗೆ ಕನಿಷ್ಠ ಎರಡು ವಾರ ಬೇರೆ ಇಡಬೇಕು. ಲಸಿಕೆಯೂ ಆಗಬೇಕು. ಬೆಕ್ಕುಗಳಿಗೆ ಪರಿಚಯ ಅಂದರೆ ಮೊದಲು ವಾಸನೆ, ಮುಖ ನೋಡುವುದೆಲ್ಲ ಆಮೇಲೆ. ಅವುಗಳ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿರುತ್ತವೆ, ಕುರ್ಚಿ ಕಾಲಿಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜುವುದು ಇದು ನಮ್ಮದು ಅಂತ ಗುರುತು ಹಾಕುವುದಕ್ಕೆ. ಹಾಗಾಗಿ ಒಂದು ಹಳೇ ಬಟ್ಟೆಯಿಂದ ಗುಂಡನ ಕೆನ್ನೆ ಒರೆಸಿ ಚುಕ್ಕಿ ಮಲಗುವ ಕಡೆ ಇಟ್ಟೆ, ಅವಳ ಕೆನ್ನೆ ಒರೆಸಿದ್ದನ್ನು ಅವನ ರೂಮಿನಲ್ಲಿ. ಮೊದಲ ದಿನ ಅವಳು ಬಟ್ಟೆಗೇ ಬುಸ್ ಅಂದಳು. ಮೂರನೇ ದಿನ ಮೂಸಿ ಬಿಟ್ಟುಹೋದಳು. ಐದನೇ ದಿನ ಅದರ ಮೇಲೆ ಮಲಗಿದ್ದಳು. ಆಮೇಲೆ ಮುಚ್ಚಿದ ಬಾಗಿಲ ಎರಡೂ ಕಡೆ ಊಟದ ಬಟ್ಟಲು ಇಟ್ಟೆ, ಮೊದಲು ದೂರ, ದಿನಾ ಒಂದೊಂದು ಗೇಣು ಹತ್ತಿರ. ಆ ವಾಸನೆ ಬಂದಾಗಲೆಲ್ಲ ರುಚಿಯಾದದ್ದೂ ಬರುತ್ತೆ ಅಂತ ಗೊತ್ತಾಗಲಿ ಅಂತ. ಬಾಗಿಲ ಸಂದಿಯಿಂದ ಒಂದು ಕಿತ್ತಳೆ ಕೈ ಹೊರಗೆ ಬರುತ್ತಿತ್ತು. ಚುಕ್ಕಿ ಅದನ್ನೇ ನೋಡುತ್ತಾ ಕೂರುತ್ತಿದ್ದಳು. ಒಂದು ದಿನ ತನ್ನ ಕೈಯನ್ನು ಅದರ ಮೇಲಿಟ್ಟಳು, ಉಗುರು ಒಳಗೇ ಇತ್ತು.

ಹದಿನಾರನೇ ದಿನ ಭಾನುವಾರ. ಬಾಗಿಲು ತೆರೆದಿಟ್ಟು ನಾನು ಅವರೆಕಾಯಿ ಬಿಡಿಸುತ್ತಾ ನೆಲದ ಮೇಲೆ ಕೂತಿದ್ದೆ, ಏನೂ ಆಗದವಳ ಹಾಗೆ. ಗುಂಡ ಹೊರಗೆ ಬಂದು ಸಿಪ್ಪೆಯ ಜೊತೆ ಆಡತೊಡಗಿದ. ಚುಕ್ಕಿ ಸೋಫಾದ ಮೇಲಿಂದ ನೋಡುತ್ತಿದ್ದಳು. ಅವನು ಓಡಿಹೋಗಿ ಅವಳ ಬಾಲ ಹಿಡಿದ. ಒಂದು ಕೊಟ್ಟಳು. ಅವನು ಉರುಳಿ ಹೊಟ್ಟೆ ಮೇಲೆ ಮಾಡಿದ. ಆಮೇಲೆ ಹತ್ತು ನಿಮಿಷ ಇಬ್ಬರೂ ಮನೆ ತುಂಬ ಓಡಿದರು, ಬಿಡಿಸಿದ ಕಾಳೆಲ್ಲ ಚೆಲ್ಲಿತು. ಅವಳು ಜೋರಾಗಿ ಕಚ್ಚಿರಬೇಕು, ಅವನು ಕೀಚ್ ಅಂದು ರೂಮಿಗೆ ಓಡಿಹೋದ. ಅವಳು ಅಲ್ಲೇ ನಿಂತು ಅವನು ಹೋದ ಕಡೆಯೇ ನೋಡಿದಳು. ಇಷ್ಟು ತಿಂಗಳಲ್ಲಿ ನಾನು ಹೇಳಲಾಗದೇ ಹೋದದ್ದನ್ನು ಆ ಮರಿ ಒಂದೇ ಕೂಗಿನಲ್ಲಿ ಹೇಳಿತ್ತು. ಸಂಜೆ ಅವನು ನಿದ್ದೆ ಮಾಡುತ್ತಿದ್ದಾಗ ಅವಳು ಹತ್ತಿರ ಹೋಗಿ, ತುಂಬಾ ಹೊತ್ತು ಮೂಸಿ, ಅವನ ಕಿವಿ ನೆಕ್ಕಿದಳು. ಮೂರೇ ಸಲ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಮಿಯಾಂವ್ ಯಾರಿಗೆ

ಎರಡು ತಿಂಗಳಲ್ಲಿ ನನ್ನ ಕೈಯ ಗೀರುಗಳು ಮಾಸಿದವು. ಮುಂಜಾವಿನ ಓಟ ಈಗಲೂ ಇದೆ, ಆದರೆ ಅದು ಅವರಿಬ್ಬರ ನಡುವೆ. ಆಪರೇಷನ್ ಆದ ಮೇಲೆ ಸುಮ್ನೆ ಕೂತು ದಪ್ಪವಾಗುತ್ತಿದ್ದ ಚುಕ್ಕಿ ಹಗುರಾದಳು. ಊಟದಲ್ಲಿ ತಕರಾರು ನಿಂತಿತು. ಇವೆಲ್ಲ ಎರಡು ಬೆಕ್ಕು ಸಾಕಿದ ಯಾರನ್ನು ಕೇಳಿದರೂ ಹೇಳುವ ಮಾತುಗಳೇ. ನನ್ನನ್ನು ತಟ್ಟಿದ್ದು ಬೇರೆ. ಚುಕ್ಕಿ ಮಿಯಾಂವ್ ಅನ್ನುವುದು ಕಡಿಮೆಯಾಯಿತು.

ಮರಿಗಳು ತಾಯಿಯನ್ನು ಕರೆಯುವುದಕ್ಕೆ ಮಿಯಾಂವ್ ಅನ್ನುತ್ತವೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಆ ಸದ್ದು ಮಾಡುವುದು ಬಹಳ ಕಡಿಮೆ. ಅವುಗಳ ಮಾತೆಲ್ಲ ಬಾಲದಲ್ಲಿ, ಕಿವಿಯಲ್ಲಿ, ಮೈ ತಾಗಿಸುವುದರಲ್ಲಿ, ವಾಸನೆಯಲ್ಲಿ. ಬಾಲ ನೆಟ್ಟಗೆ ಮೇಲೆತ್ತಿಕೊಂಡು ಬಂದರೆ ಅದು ನಮಸ್ಕಾರ ಇದ್ದ ಹಾಗೆ. ದೊಡ್ಡ ಬೆಕ್ಕು ಮಿಯಾಂವ್ ಅನ್ನುವುದು ಹೆಚ್ಚಾಗಿ ಮನುಷ್ಯರಿಗೆ, ನಮಗೆ ಬಾಲದ ಮಾತು ಬರುವುದಿಲ್ಲ ಅಂತ ಕಂಡುಕೊಂಡು. ಇದನ್ನು ತಿಳಿದ ದಿನ ನನಗೆ ಆ ಹಳೇ ವಿಡಿಯೊ ನೆನಪಾಯಿತು. ಮುಚ್ಚಿದ ಬಾಗಿಲ ಎದುರು ಕೂತು ಚುಕ್ಕಿ ಕೂಗುತ್ತಿದ್ದದ್ದು ನನ್ನನ್ನೇ, ನನಗಾಗಿಯೇ ಇಟ್ಟುಕೊಂಡಿದ್ದ ಸದ್ದಿನಲ್ಲಿ. ನಾನು ಆಗ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ನಿಂತಿದ್ದೆ.

ನಿಜ ಹೇಳಬೇಕು, ಮೊದಮೊದಲು ಸ್ವಲ್ಪ ನೋವೂ ಆಯಿತು. ಸ್ನಾನದ ಬಾಗಿಲಾಚೆ ಈಗ ಯಾರೂ ಕಾಯುವುದಿಲ್ಲ. ರಾತ್ರಿ ಕುತ್ತಿಗೆಯ ಪಕ್ಕದ ಜಾಗ ಖಾಲಿ, ಇಬ್ಬರೂ ಕಾಲ ಹತ್ತಿರ ಒಟ್ಟಿಗೆ ಮಲಗುತ್ತಾರೆ. ಕೆಲವು ದಿನ ಮಾತ್ರ ಚುಕ್ಕಿ ತಾನಾಗಿ ಬಂದು ತೊಡೆಯ ಮೇಲೆ ಕೂತು ಗುರ್ ಗುರ್ ಅನ್ನುತ್ತಾಳೆ. ಆಗ ಪಕ್ಕದ ರೂಮಿನಲ್ಲಿ ಗುಂಡ ಇರುತ್ತಾನೆ, ಬೇಕಿದ್ದರೆ ಅವನ ಹತ್ತಿರ ಹೋಗಬಹುದಿತ್ತು. ನನ್ನ ಹತ್ತಿರ ಬಂದಿದ್ದಾಳೆ. ಇದು ಮೊದಲಿನದ್ದಕ್ಕಿಂತ ನನಗೆ ಜಾಸ್ತಿ ಬೆಲೆಯದ್ದು.

ಕಷ್ಟದ ಮಾತು

ಖರ್ಚು ಜಾಸ್ತಿಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಊಟ, ಲಿಟರ್, ವರ್ಷವರ್ಷದ ಲಸಿಕೆ, ಎಲ್ಲ ಎರಡೆರಡು. ಟ್ರೇಗಳಂತೂ ಬೆಕ್ಕಿಗೆ ಒಂದರಂತೆ, ಮೇಲೆ ಇನ್ನೊಂದು, ಅಂದರೆ ಎರಡು ಬೆಕ್ಕಿಗೆ ಮೂರು ಬೇಕು. ಬಾಡಿಗೆ ಮನೆಯಲ್ಲಿ ಮೂರು ಟ್ರೇಗೆ ಜಾಗ ಹುಡುಕುವುದು ಸಣ್ಣ ಕೆಲಸ ಅಲ್ಲ. ಹೊಸ ಮನೆ ಹುಡುಕುವಾಗ ಒಂದು ಬೆಕ್ಕಿಗೇ ಮುಖ ಸಿಂಡರಿಸುವ ಮಾಲೀಕರು ಎರಡು ಅಂದರೆ ಬಾಗಿಲು ಹಾಕುತ್ತಾರೆ. ಬೆಕ್ಕಿನ ಬಿಡಾರದ ಹಾಗೆ ಮನೆ ಬದಲಾಯಿಸುವ ನಮ್ಮಂಥವರಿಗೆ ಇದು ಯೋಚಿಸಬೇಕಾದ ವಿಷಯ.

ಇನ್ನೊಂದು, ಯಾರಿಗೆ ಹುಷಾರಿಲ್ಲ ಅಂತ ಬೇಗ ಗೊತ್ತಾಗುವುದಿಲ್ಲ. ವಾಂತಿ ಬಿದ್ದಿದ್ದರೆ ಯಾರದ್ದು? ಬಟ್ಟಲು ಖಾಲಿಯಾಗಿದೆ, ಇಬ್ಬರೂ ತಿಂದರಾ, ಒಬ್ಬರೇ ತಿಂದರಾ? ಅದರಲ್ಲೂ ಗಂಡು ಬೆಕ್ಕಿನ ಮೂತ್ರನಾಳ ಸಣ್ಣದು, ಅದು ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಟ್ರೇಗೆ ಹೋಗಿ ಹೋಗಿ ಬರುತ್ತಿದ್ದರೆ, ಕೂತು ತಿಣುಕುತ್ತಿದ್ದರೆ ಬೆಳಗಾಗಲಿ ಅಂತ ಕಾಯಬಾರದು. ಒಂದೇ ಬೆಕ್ಕಿದ್ದರೆ ಟ್ರೇ ಒಣಗಿದ್ದು ಕಣ್ಣಿಗೆ ಬೀಳುತ್ತದೆ. ಎರಡಿದ್ದಾಗ ಇನ್ನೊಬ್ಬರದ್ದು ಅದನ್ನು ಮರೆಮಾಡುತ್ತದೆ. ಹಾಗಾಗಿ ನಾನು ಇಬ್ಬರಿಗೂ ಬೇರೆಬೇರೆ ಬಟ್ಟಲಲ್ಲಿ ಹಾಕಿ ಪಕ್ಕದಲ್ಲಿ ನಿಂತು ನೋಡುತ್ತೇನೆ, ದಿನಾ.

ಗುಂಡನ ಆಪರೇಷನ್ ಆದ ದಿನ ನಡೆದದ್ದನ್ನೂ ಹೇಳಬೇಕು. ಸಂಜೆ ಅವನನ್ನು ಮನೆಗೆ ತಂದು ಇಳಿಸಿದರೆ ಚುಕ್ಕಿ ಬುಸ್ ಅಂದಳು, ಮೊದಲ ದಿನದ ಹಾಗೇ. ದಿನಾ ಅವನ ತಲೆ ನೆಕ್ಕುವವಳು! ಅವನು ತೂರಾಡುತ್ತಾ ಅವಳ ಹತ್ತಿರ ಹೋಗಲು ನೋಡಿದರೆ ಮುಖಕ್ಕೆ ಹೊಡೆದಳು. ಎಲ್ಲ ಮುಗಿಯಿತು ಅಂತ ನಾನು ಅತ್ತುಬಿಟ್ಟೆ. ಅವನ ಮೈಮೇಲೆ ಆಸ್ಪತ್ರೆಯ ವಾಸನೆ ತುಂಬಿತ್ತು, ಅವಳಿಗೆ ಅವನು ಗುಂಡನೇ ಆಗಿರಲಿಲ್ಲ, ಅಷ್ಟೇ. ಇಬ್ಬರನ್ನೂ ಬೇರೆ ಇಟ್ಟು, ಅವರು ಜೊತೆಗೆ ಮಲಗುತ್ತಿದ್ದ ಹಳೇ ಹೊದಿಕೆಯನ್ನು ಅವನಿಗೆ ಹೊದಿಸಿದೆ. ಎರಡು ದಿನ ಬೇಕಾಯಿತು. ಇಂಥದ್ದು ಆಗುತ್ತೆ ಅಂತ ಮೊದಲೇ ಗೊತ್ತಿದ್ದರೆ ಆ ಎರಡು ದಿನ ನಾನು ಅಷ್ಟು ಹೆದರುತ್ತಿರಲಿಲ್ಲ, ಅದಕ್ಕೇ ಬರೆದಿದ್ದೇನೆ.

ಎಲ್ಲ ಬೆಕ್ಕಿಗೂ ಜೊತೆ ಬೇಕೇ ಬೇಕು ಅಂತಲೂ ಇಲ್ಲ. ವರ್ಷಗಟ್ಟಲೆ ಒಂಟಿಯಾಗಿ ಇದ್ದು ವಯಸ್ಸಾದ ಬೆಕ್ಕಿಗೆ, ಕಾಯಿಲೆಯ ಬೆಕ್ಕಿಗೆ ಕುಣಿದಾಡುವ ಮರಿ ತಂದು ಬಿಡುವುದು ಹಿಂಸೆ. ಸ್ವಿಟ್ಜರ್ಲೆಂಡಿನಲ್ಲಿ 2008ರಲ್ಲಿ ಬಂದ ಪ್ರಾಣಿರಕ್ಷಣೆಯ ನಿಯಮ ಒಂದಿದೆ. ಒಂಟಿಯಾಗಿ ಸಾಕಿದ ಬೆಕ್ಕಿಗೆ ದಿನಾ ಮನುಷ್ಯರ ಒಡನಾಟ ಇರಬೇಕು, ಇಲ್ಲವೇ ಬೇರೆ ಬೆಕ್ಕುಗಳು ಕಣ್ಣಿಗೆ ಕಾಣುವ ಹಾಗಾದರೂ ಇರಬೇಕು ಅನ್ನುತ್ತದೆ ಅದು. ಎರಡು ಸಾಕಿ ಅಂತ ಕಡ್ಡಾಯ ಮಾಡಿಲ್ಲ. ನನಗೆ ಅದು ಸರಿ ಅನ್ನಿಸುತ್ತದೆ. ಎದುರು ಮನೆಯ ಆಂಟಿಯ ಹಾಗೆ ದಿನವಿಡೀ ಮನೆಯಲ್ಲಿ ಇರುವವರಿಗೆ ಒಂದು ಬೆಕ್ಕು ಸಾಕು, ಆ ಬೆಕ್ಕಿಗೂ ಅವರೊಬ್ಬರು ಸಾಕು. ಬೆಳಿಗ್ಗೆ ಎಂಟೂವರೆಗೆ ಹೋಗಿ ಸಂಜೆ ಏಳಕ್ಕೆ ಬರುವವಳು ನಾನು.

ಹೋದ ತಿಂಗಳು ಅದೇ ಹಳೇ ಫೋನನ್ನು ಅದೇ ಕಪಾಟಿಗೆ ಒರಗಿಸಿಟ್ಟು ಹೋದೆ. ಬಾಗಿಲು ಮುಚ್ಚಿದ ಸದ್ದು. ಚುಕ್ಕಿ ಬಂದು ಬಾಗಿಲ ಎದುರು ಕೂರುತ್ತಾಳೆ. ಒಂದು ಸಲ ಕೂಗುತ್ತಾಳೆ. ಗುಂಡ ಎಲ್ಲಿಂದಲೋ ಬಂದು ಅವಳ ಪಕ್ಕಕ್ಕೆ ಬಿದ್ದುಕೊಂಡು ಅವಳ ಬಾಲಕ್ಕೆ ಕೈ ಹಾಕುತ್ತಾನೆ. ಸ್ವಲ್ಪ ಹೊತ್ತು ಗುದ್ದಾಟ. ಆಮೇಲೆ ಇಬ್ಬರೂ ಕಿಟಕಿ ಹತ್ತಿ ಬಲೆಯಾಚೆಯ ಪಾರಿವಾಳಗಳನ್ನು ನೋಡುತ್ತಾರೆ. ಬಿಸಿಲು ಸೋಫಾಕ್ಕೆ ಬಂದಾಗ ಅಲ್ಲಿಗೆ ಇಳಿಯುತ್ತಾರೆ. ಮೆಟ್ಟಿಲ ಮೇಲೆ ಯಾರದ್ದೋ ಚಪ್ಪಲಿ ಸದ್ದು. ಚುಕ್ಕಿಯ ಒಂದು ಕಿವಿ ಬಾಗಿಲ ಕಡೆ ತಿರುಗಿ, ಮತ್ತೆ ಮುಂದಕ್ಕೆ ಬರುತ್ತದೆ. ಎರಡು ಗಂಟೆ ಏನೂ ಆಗುವುದಿಲ್ಲ. ನಡುವೆ ಒಮ್ಮೆ ಅವಳು ಎದ್ದು ಹೋಗಿ ನೀರು ಕುಡಿದು ಬರುತ್ತಾಳೆ, ಅವನ ಮೈಮೇಲೆ ಗಲ್ಲ ಇಟ್ಟು ಮಲಗುತ್ತಾಳೆ. ನಾನು ಆ ಎರಡು ಗಂಟೆಯನ್ನೂ ಪೂರ್ತಿ ನೋಡಿದೆ. ಆಮೇಲೆ ಅಮ್ಮನಿಗೆ ಕಳಿಸಿದೆ. "ನಮ್ಮನೆ ಬಚ್ಚಲ ಒಲೆ ನೆನಪಾತು" ಅಂತ ಬರೆದಿದ್ದಳು.